ಗೀಸರ್ ಕಿತ್ತ ಜಾಗ

ನಮ್ಮ ಹೊಲದ ಹೊಂಗೆ ಮರದ ಕೆಳಗೆ ನಿಂತಿರುವ ಗಾಲಿಮನೆಯ ಹಿಂಬದಿಯಲ್ಲಿ ಒಂದು ಚೌಕದ ತೂತು ಇದೆ. ಬಂದವರೆಲ್ಲ ಕೇಳುತ್ತಾರೆ, ಇದೇನು, ಕಿಟಕಿಯೂ ಅಲ್ಲ ಬಾಗಿಲೂ ಅಲ್ಲ ಅಂತ. ನಮ್ಮ ಯಜಮಾನರು ಅದಕ್ಕೆ ತಗಡು ಬಡಿಯುತ್ತೇನೆಂದು ಒಂದೆರಡು ಸಲ ಸುತ್ತಿಗೆ ಹಿಡಿದುಕೊಂಡು ಹೋಗಿದ್ದರು. ನಾನು ಬಿಡಲಿಲ್ಲ. ಹಾವು ಹೋಗುತ್ತದೆ, ಮಳೆ ಎರಚುತ್ತದೆ ಎಂದು ಅವರು ಹೇಳುವುದೆಲ್ಲ ನಿಜವೇ. ಆದರೂ ಸದ್ಯಕ್ಕೆ ಅಲ್ಲಿ ಒಂದು ಗೋಣಿಚೀಲ ನೇತಾಡುತ್ತಿದೆ, ಅಷ್ಟೇ.

ಆ ಗಾಡಿಯನ್ನು ಮನೆಗೆ ತಂದವರು ಅವರೇ. ಹಳೇ ಸಾಮಾನು ಕಂಡರೆ ನಮ್ಮ ಯಜಮಾನರಿಗೆ ಕೈ ಕಟ್ಟಿಕೊಂಡು ನಿಲ್ಲುವುದಕ್ಕೆ ಆಗುವುದಿಲ್ಲ. ಕೊಡಗಿನ ತೋಟದ ಮಾಲೀಕರೊಬ್ಬರು, ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವಂಥ ಒಂದು ಮನೆಗಾಡಿಯನ್ನು ಶೆಡ್ಡಿನಲ್ಲಿ ಕೊಳೆಹಾಕಿದ್ದರಂತೆ. ಒಳಗೆ ಮಂಚ, ಗ್ಯಾಸ್ ಒಲೆ, ಒಬ್ಬರು ಕೂತರೆ ಇನ್ನೊಬ್ಬರು ಬಾಗಿಲಲ್ಲೇ ನಿಲ್ಲಬೇಕಾದಂಥ ಬಚ್ಚಲು. ಬಚ್ಚಲ ಗೋಡೆಯೊಳಗೆ ಕೂರಿಸಿದ ಒಂದು ಗ್ಯಾಸ್ ಗೀಸರ್. ವೀರನಹೊಸಹಳ್ಳಿಯಲ್ಲಿ ಕಾಡು ನೋಡಲು ಬರುವವರಿಗೆ ಬಾಡಿಗೆಗೆ ಕೊಡೋಣ, ಆಗದಿದ್ದರೆ ಕಾಕನಕೋಟೆ ಕಡೆ ಎಳೆದುಕೊಂಡು ಹೋಗೋಣ ಎಂದು ಲೆಕ್ಕ ಹಾಕಿ ಟ್ರ್ಯಾಕ್ಟರಿಗೆ ಕಟ್ಟಿ ತಂದರು. ಬಂದ ಒಬ್ಬಿಬ್ಬರು ಸೆಖೆ ಅಂದರು, ಸೊಳ್ಳೆ ಅಂದರು. ಆಮೇಲೆ ಅದು ಹೊಂಗೆ ಮರದ ಕೆಳಗೆ ನಿಂತದ್ದು ನಿಂತೇ ಇತ್ತು. ಟೈರು ನೆಲಕ್ಕಂಟಿತು, ಕೋಳಿಗಳು ಅದರ ಅಡಿಯಲ್ಲಿ ಸಂಸಾರ ಹೂಡಿದವು. ನಾನು ದಿನಕ್ಕೊಂದು ಸಲ ಚುಚ್ಚುತ್ತಿದ್ದೆ. ಅವರು ಕೇಳಿಸದವರ ಹಾಗೆ ರಾಗಿ ಹೊಲಕ್ಕೆ ಹೋಗಿಬಿಡುತ್ತಿದ್ದರು.

ಆ ಗಾಡಿಯೇ ನಮ್ಮ ಗತಿಯಾಗುವ ಕಾಲ ಬಂತು. ಹೆಂಚಿನ ಮನೆ ಕೆಡವಿ ತಾರಸಿ ಮನೆಗೆ ಪಾಯ ಹಾಕಿದ್ದೆವು. ಮಗಳ ಹೆರಿಗೆಯ ಹೊತ್ತಿಗೆ ಗೃಹಪ್ರವೇಶ ಆಗಿಯೇ ಆಗುತ್ತದೆಂದು ಮೇಸ್ತ್ರಿ ದೇವರ ಮೇಲೆ ಆಣೆ ಇಟ್ಟಿದ್ದ. ಮಗಳಿಗೆ ದಿನ ಹತ್ತಿರವಾದಾಗ ಮನೆಗೆ ತಾರಸಿಯಷ್ಟೇ ಬಿದ್ದಿತ್ತು. ಕೆಳಗೆ ಕಾಡಿನಂತೆ ಸೆಂಟ್ರಿಂಗ್ ಕಂಬಗಳು. ಪಾತ್ರೆಪಗಡವೆಲ್ಲ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಪೇರಿಸಿದ್ದೆವು. ಬೇಯಿಸುವ ಕಾಲ ಮುಗಿದು ಅದು ಖಾಲಿ ಇತ್ತು. ನಾವಿಬ್ಬರು ಗಾಲಿಮನೆಯಲ್ಲಿ.

ನಮಗೆ ಒಬ್ಬಳೇ ಮಗಳು. ಮೊದಲ ಹೆರಿಗೆ ತವರಿನದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಕರೆತರಲು ಹೋದ ದಿನ ನನ್ನ ಬೀಗಿತ್ತಿ, ಅಂದರೆ ಮಗಳ ಅತ್ತೆ, ನಡುಮನೆಯಲ್ಲಿ ಚಾಪೆ ಹಾಕಿ ಕೂರಿಸಿ ನ್ಯಾಯ ತೆಗೆದರು. ಅವರದು ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆ, ಕಾಲುವೆ ನೀರಿನ ಗದ್ದೆ ಸೀಮೆ. ಅವರ ಬಚ್ಚಲು ಮನೆಯಲ್ಲಿ ಮೂರು ಹಂಡೆ ಸಾಲಾಗಿ ಕೂತಿವೆ. ಆ ಸುತ್ತಿನ ಊರುಗಳಲ್ಲಿ ಬಾಣಂತಿಗೆ ನೀರು ಹಾಕುವುದರಲ್ಲಿ ಅವರ ಕೈ ಹೆಸರಾದದ್ದು. ಮೂವರು ಹೆಣ್ಣುಮಕ್ಕಳ ಬಾಣಂತನ ಮಾಡಿ, ಯಾರಿಗೂ ಸೊಂಟ ನೋವು ಬರದ ಹಾಗೆ ನೋಡಿಕೊಂಡ ಹೆಮ್ಮೆ ಬೇರೆ.

"ಮನೆ ಕೆಡವ್ಕಂಡು ಕೂತಿದ್ದೀರಿ. ಬಾಣಂತಿನ ಎಲ್ಲಿ ಕೂರಿಸ್ತೀರಿ?" ಎಂದರು.

"ಗಾಲಿಮನೆ ಅದೆಯಲ್ಲ" ಎಂದೆ.

"ಆ ಡಬ್ಬದೊಳಗಾ? ಬಾಣಂತಿಗೆ ಅನ್ನ ಒಂದ್ಗಳಿಗೆ ತಡ ಆದ್ರೂ ಆಯ್ತದೆ ಕಣವ್ವ. ನೀರು ತಡ ಆಗಂಗಿಲ್ಲ. ಅಂಡೆಗಟ್ಲೆ ಬಿಸ್ನೀರು ಬೇಕು. ಒಣಭೂಮಿಯೋರು ನೀವು, ಎಲ್ಲಿಂದ ತತ್ತೀರಿ?"

ಒಣಭೂಮಿ ಎಂದದ್ದು ನನಗೆ ನೆತ್ತಿಗೇರಿತು. "ಗೀಸರ್ ಅದೆ ಬೀಗ್ತಿಯವ್ರೇ. ಒಲೆ ಇಲ್ಲ, ಸೌದೆ ಇಲ್ಲ. ನಲ್ಲಿ ತಿರುಗಿಸುದ್ರೆ ಸುಡುಸುಡು ನೀರು ಬತ್ತದೆ" ಎಂದೆ, ಆ ನೀರಲ್ಲೇ ಹುಟ್ಟಿ ಬೆಳೆದವಳ ಹಾಗೆ.

ಬೀಗಿತ್ತಿ ಎಲೆಅಡಿಕೆ ತಟ್ಟೆಯನ್ನು ನನ್ನ ಕಡೆ ತಳ್ಳಿದರು. "ಸರಿ, ಕರ್ಕಂಡೋಗಿ. ಆದ್ರೆ ಒಂದ್ಮಾತು. ಒಂದಿನ ನೀರಿಗೆ ಕೊರತೆ ಆಯ್ತು ಅಂತ ನನ್ ಕಿವಿಗೆ ಬಿತ್ತೋ, ಅವತ್ತೇ ಬಂದು ತಾಯಿ ಮಗೂನ ಎತ್ಕಂಡು ಬತ್ತೀನಿ. ಆಮೇಲೆ ಬೇಜಾರು ಮಾಡ್ಕಬಾರ್ದು."

ಇದು ಗೆಲ್ಲುವ ಸೋಲುವ ಹಟವಾಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಮಗಳನ್ನು ಆರನೇ ಕ್ಲಾಸಿಗೇ ಮೈಸೂರಿನ ಹಾಸ್ಟೆಲಿಗೆ ಹಾಕಿದ್ದೆವು. ರಜೆಗೆ ಬಂದರೆ ಬಚ್ಚಲ ಬಾಗಿಲ ಚಿಲಕ ಹಾಕಿಕೊಳ್ಳುವ ವಯಸ್ಸಿನವಳಾಗಿ ಬಂದಳು. ಓದು ಮುಗಿಯಿತು, ಮದುವೆ ಆಯಿತು. ಹಬ್ಬಕ್ಕೆ ಬಂದವಳು ಊಟದ ಕೈ ಒಣಗುವುದರೊಳಗೆ ಬಸ್ಸಿನ ಹೊತ್ತು ನೋಡುತ್ತಿದ್ದಳು. ಅವಳ ತಲೆಗೆ ಎಣ್ಣೆ ಒತ್ತಿ, ಬೆನ್ನು ತಿಕ್ಕಿ, ಎರೆದದ್ದು ಯಾವಾಗ ಎಂದು ನೆನಪು ಮಾಡಿಕೊಂಡರೆ ನನಗೆ ಹಾಲುಹಲ್ಲು ಬಿದ್ದ ಬಾಯಿ ನೆನಪಾಗುತ್ತಿತ್ತು. ಬಾಣಂತನ ಒಂದರಲ್ಲಿ ಮಾತ್ರ ಬೆಳೆದ ಮಗಳು ಮತ್ತೆ ಅವ್ವನ ಕೈಗೆ ಮೈ ಕೊಟ್ಟು ಕೂರುತ್ತಾಳೆ. ಅದನ್ನೂ ಬಿಟ್ಟುಕೊಟ್ಟರೆ ನನಗೆ ಉಳಿಯುವುದೇನು ಎಂಬುದೇ ನನ್ನ ಸಂಕಟ.

ಮಗಳು ಬಂದಳು. ಗೀಸರ್ ನನ್ನ ಮಾನ ಕಳೆಯಲು ಅವತ್ತೇ ಶುರು ಮಾಡಿತು.

ನಮಗಿಬ್ಬರಿಗೆ ಅದು ಹೇಗೋ ಸಾಕಾಗುತ್ತಿತ್ತು. ಗಾಡಿಯ ಹೊರಗೋಡೆಯಲ್ಲಿ ಜಾಲರಿಯ ಮುಚ್ಚಳ ತೆಗೆದರೆ ಒಳಗೆ ಒಂದು ಸಣ್ಣ ಟ್ಯಾಂಕು, ಅದರ ಅಡಿಯಲ್ಲಿ ಗ್ಯಾಸಿನ ಉರಿ. ಉರಿ ಒಂದು ಸಲಕ್ಕೆ ಹತ್ತುತ್ತಿರಲಿಲ್ಲ. ಹೊಂಗೆ ಮರದ ಗಾಳಿಗೆ ಆರುತ್ತಿತ್ತು. ನಮ್ಮ ಯಜಮಾನರು ಅದರ ಮುಂದೆ ಮಂಡಿಯೂರಿ ಕೂತು, ಮಗುವಿಗೆ ಅನ್ನ ತಿನ್ನಿಸುವವರ ಹಾಗೆ ಪುಸಲಾಯಿಸಿ ಹೊತ್ತಿಸಬೇಕು. ಈಗ ನೋಡಿದರೆ ಮುಕ್ಕಾಲು ಬಕೆಟ್ಟಿಗೇ ನೀರು ತಣ್ಣಗಾಗುತ್ತಿತ್ತು. ಬಂದ ನೀರೂ ಕೊಳೆತ ಮೊಟ್ಟೆ ನಾತ. ತುಂಬಿದ ಬಸುರಿ ಹುಡುಗಿ ಒಂದು ಚೊಂಬು ಸುರಿದುಕೊಂಡು ಓಕರಿಸುತ್ತ ಹೊರಗೆ ಬಂದಳು.

"ಅವ್ವಾ, ಇದ್ರಲ್ಲಿ ನೀನು ಬಾಣಂತನ ಮಾಡ್ತೀಯಾ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಹುಣಸೂರಿನಲ್ಲಿ ಗೀಸರ್ ರಿಪೇರಿ ಅಂಗಡಿ ಇಟ್ಟಿರುವ ಭಾಯಿಯೊಬ್ಬರಿದ್ದಾರೆ. ಅವರ ತಂದೆ ನಮ್ಮತ್ತೆಯ ಕಾಲದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕಲು ಊರಿಗೆ ಬರುತ್ತಿದ್ದವರು. ಫೋನಿನಲ್ಲೇ ಕೇಳಿ ಹೇಳಿದರು. "ಅಕ್ಕಾ, ನಿಮ್ಮ ಬೋರಿನ ನೀರು ಗಡಸು. ಟ್ಯಾಂಕಿನೊಳಗೆ ಉಪ್ಪು ಕಟ್ಕೊಂಡಿರುತ್ತೆ. ನೀರೆಲ್ಲ ಬಸಿದು, ಹುಳಿ ಏನಾದ್ರೂ ಹಾಕಿ ಕರಗಿಸಿ ತೊಳೀಬೇಕು. ಸಾಮಾನು ತಗೊಂಡು ನಾನೇ ಬರ್ತೀನಿ, ಸ್ವಲ್ಪ ತಡೀರಿ."

ತಡೆಯುವುದು ನನ್ನ ಜಾಯಮಾನದಲ್ಲಿಲ್ಲ. ಪಾತ್ರೆಗೆ ಉಪ್ಪು ಕಟ್ಟಿದರೆ ಏನು ಹಾಕಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಾಮ್ರದ ಹಂಡೆಯಿಂದ ದೇವರ ದೀಪದವರೆಗೆ ನಮ್ಮ ಮನೆಯಲ್ಲಿ ಎಲ್ಲಕ್ಕೂ ಹುಣಸೆಹಣ್ಣೇ. ಬಾಣಂತಿಗೆ ನೀರು ಹಾಕುವಾಗ ನನ್ನ ಜೊತೆಗಿರಲಿ ಎಂದು ಗೊತ್ತು ಮಾಡಿಕೊಂಡಿದ್ದ ಊರಿನ ಅಜ್ಜಿಯೂ ಅಲ್ಲೇ ಇದ್ದಳು. "ಅಳೇ ಹುಣ್ಸೆಣ್ಣಾಕವ್ವ, ಕರ್ರಗಿರದು. ಒಸದ್ರಲ್ಲಿ ಉಳಿ ಕಮ್ಮಿ" ಎಂದು ಸಲಹೆ ಕೊಟ್ಟಳು. ಬ್ಯಾರನ್ನಿನಿಂದ ಗಡಿಗೆ ಇಳಿಸಿ, ಒಂದು ದೊಡ್ಡ ಉಂಡೆ ನೆನೆಹಾಕಿ ಕಿವುಚಿದೆವು. ಟ್ಯಾಂಕಿನ ಮೇಲ್ಗಡೆಯ ವಾಲ್ವು ಬಿಚ್ಚಿ, ಆಲಿಕೆ ಇಟ್ಟು ಅಜ್ಜಿ ಹಿಡಿದುಕೊಂಡಳು, ನಾನು ಹುಯ್ದೆ. ಹೊತ್ತು ಮುಳುಗುವ ತನಕ ನೆನೆಯಲು ಬಿಟ್ಟೆವು.

ಅಡಿಯ ತಿರುಪು ಬಿಚ್ಚಿದರೆ ಏನೂ ಬರಲಿಲ್ಲ. ಸೋಸಿದ್ದು ಸಾಲದೆ ನಾರು, ಚರಟವೆಲ್ಲ ಹೋಗಿ ಬಾಯಿಗೆ ಕಟ್ಟಿಕೊಂಡಿತ್ತು. ನಮ್ಮ ಯಜಮಾನರು ತಂತಿ ಹಾಕಿ ಎಳೆದರು. ಭಗ್ಗೆಂದು ಬಂತು ನೋಡಿ, ಕೆಂಪಗೆ, ಸುಣ್ಣದ ಚೂರು ತುಂಬಿಕೊಂಡು, ಹದವಾದ ಸಾರಿನ ವಾಸನೆ ಹೊತ್ತುಕೊಂಡು. ಅವರು ಒದ್ದೆ ಅಂಗಿಯಲ್ಲಿ ನಿಂತು, "ಒಗ್ಗರಣೆ ಒಂದು ಬಾಕಿ" ಎಂದರು. ಅವರ ಬಾಯಿಂದ ಅಷ್ಟು ಮಾತು ಬಂದದ್ದೇ ಹೆಚ್ಚು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು ಅಲ್ಲೇ ಕೂತುಬಿಟ್ಟಳು.

ಆದರೆ ಮಾರನೆಯ ದಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು! ನಾತ ಹೋಗಿತ್ತು. ಎರಡು ಬಕೆಟ್ ತುಂಬಿದರೂ ಹಬೆ ನಿಲ್ಲಲಿಲ್ಲ. ನಾನು ಬೀಗಿತ್ತಿಗೆ ಬೇಕೆಂದೇ ಫೋನ್ ಮಾಡಿ, ಅದೂ ಇದೂ ಮಾತಾಡಿ, ಕೊನೆಯಲ್ಲಿ ಗೀಸರಿನ ಸುದ್ದಿ ತೂರಿಸಿದೆ. "ಊಂ, ಸರಿ" ಎಂದರು. ಆ ಎರಡು ಮಾತಿಗೆ ನಾನು ಇಡೀ ದಿನ ಬೀಗಿಕೊಂಡು ಓಡಾಡಿದೆ.

ಆ ಬೀಗು ಬಹಳ ದಿನ ಬಾಳಲಿಲ್ಲ. ಭಾಯಿ ತಮ್ಮ ಸಾಮಾನಿನ ಚೀಲ ಹಿಡಿದು ಬಂದ ದಿನ ಗಾಡಿಯ ಅಡಿಯ ನೆಲ ಕೆಸರಾಗಿತ್ತು, ಗೀಸರಿನ ಉರಿ ತಾನಾಗಿ ಆರಿತ್ತು. ಅವರು ಜಾಲರಿ ತೆಗೆದು ಬಗ್ಗಿ ಟಾರ್ಚ್ ಬಿಟ್ಟು ನೋಡಿದರು. ಬೆರಳಾಡಿಸಿ ಮೂಸಿದರು.

"ಅಕ್ಕಾ, ಏನ್ ಹಾಕಿದ್ರಿ ಇದಕ್ಕೆ?"

"ಹುಣಸೆಹಣ್ಣು."

ಅವರು ತಲೆ ಮೇಲೆ ಕೈ ಇಟ್ಟುಕೊಂಡು ನೆಲಕ್ಕೆ ಕೂತರು. "ನಾನು ಹಾಕಿದ್ರೂ ಇಷ್ಟೇ ಆಗ್ತಿತ್ತೋ ಏನೋ, ಹೇಳಕ್ಕಾಗಲ್ಲ. ಟ್ಯಾಂಕು ಯಾವಾಗ್ಲೋ ತುಕ್ಕು ಹಿಡಿದು ತೂತಾಗಿದೆ ಅಕ್ಕಾ. ಆ ಉಪ್ಪೇ ತೂತಿಗೆ ಅಡ್ಡ ಕೂತು ನೀರು ಹಿಡಿದಿತ್ತು. ಈಗ ಉಪ್ಪು ಹೋಯ್ತು, ತೂತು ಉಳೀತು."

ಬೆಸುಗೆ ಹಾಕಿ ಎಂದೆ. ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಬಿಡುತ್ತದೆ ಎಂದರು. ಹೊಸದು ಹಾಕಿ ಎಂದೆ. ಈ ಅಳತೆಯದು ಇಲ್ಲೆಲ್ಲೂ ಸಿಗುವುದಿಲ್ಲ, ತರಿಸಬೇಕೆಂದರೆ ತಿಂಗಳುಗಟ್ಟಲೆ ಆಗುತ್ತದೆ ಎಂದರು. ಕರೆಂಟಿನ ಗೀಸರಿಗೆ ನಮ್ಮ ಹೊಲದ ಲೈನು ತಾಳುವುದಿಲ್ಲ. ಕೊನೆಗೆ, ಮನೆಗಳಲ್ಲಿ ಗೋಡೆಗೆ ಹಾಕುತ್ತಾರಲ್ಲ, ಆ ಗ್ಯಾಸ್ ಗೀಸರಾದರೂ ಹಾಕಿ ಎಂದು ಅಂಗಲಾಚಿದೆ.

"ಇಷ್ಟು ಇಕ್ಕಟ್ಟಲ್ಲಿ ಅದನ್ನ ಹಾಕಲ್ಲ ಅಕ್ಕಾ. ಬಾಗಿಲು ಮುಚ್ಚಿಕೊಂಡ್ರೆ ಉಸಿರುಕಟ್ಟುತ್ತೆ. ಒಳಗೆ ಕೂರೋದು ಬಾಣಂತಿ. ನೀವು ಬೈದ್ರೂ ಸರಿ" ಎಂದರು. ಬೈಯಲು ನನ್ನಲ್ಲಿ ಶಕ್ತಿ ಇರಲಿಲ್ಲ. ಅವರು ಹಳೇ ಗೀಸರನ್ನು ಬಿಚ್ಚಿ ಹೊರಗೆಳೆದರು. ಅದನ್ನು ಕೂರಿಸಿದ್ದ ಪ್ಲೈವುಡ್ ಕೊಳೆತು ಪುಡಿಯಾಗಿತ್ತು, ಅದೂ ಜೊತೆಯಲ್ಲೇ ಕಿತ್ತು ಬಂತು. ಗಾಡಿಯ ಗೋಡೆಯಲ್ಲಿ ಒಂದೂವರೆ ಮೊಳದ ಚೌಕದ ತೂತು ಬಾಯಿ ಬಿಟ್ಟುಕೊಂಡಿತು. ಹೊರಗೆ ನಿಂತರೆ ನೇರವಾಗಿ ಬಚ್ಚಲೇ ಕಾಣುತ್ತಿತ್ತು.

ಬೀಗಿತ್ತಿಗೆ ಏನು ಹೇಳಲಿ ಎಂದು ನಾನು ಯೋಚಿಸುತ್ತಿರುವಾಗಲೇ ಮಗಳು ಒಳಗಿಂದ, "ಅವ್ವಾ, ಯಾಕೋ ಸೊಂಟ ಇಡ್ಕತಾ ಅದೆ" ಎಂದಳು. ತೂತನ್ನು ಅದರ ಪಾಡಿಗೆ ಬಿಟ್ಟು ಹುಣಸೂರಿನ ಆಸ್ಪತ್ರೆಗೆ ಹೊರಟೆವು.

ಹೆಣ್ಣು ಮಗು. ತಾಯಿ ಮಗು ಚೆನ್ನಾಗಿದ್ದರು. ಬೀಗಿತ್ತಿ ಬಂದು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಆನಂದದಲ್ಲಿದ್ದರೂ ನನ್ನನ್ನು ಬಿಡಲಿಲ್ಲ. "ನೀರಿಗೆಲ್ಲ ಅನುವಾಗಿ ಅದೆಯಲ್ಲ?" ಎಂದರು. "ನೀರಿಗೇನೂ ಕೊರತೆ ಇಲ್ಲ" ಎಂದೆ. ಅನ್ನುವಾಗ ನನ್ನ ಯಜಮಾನರ ಕಡೆ ನೋಡಿದೆ. ಅವರು ಅಲ್ಲಿರಲೇ ಇಲ್ಲ. ಮಗುವಿನ ಮುಖ ನೋಡಿದವರೇ ಊರಿಗೆ ಹೋಗಿದ್ದರು. ಇಂಥ ಹೊತ್ತಿನಲ್ಲೂ ಹೊಲವೇ ಇವರಿಗೆ ಎಂದು ನಾನು ಮನಸ್ಸಿನಲ್ಲೇ ಚೆನ್ನಾಗಿ ಬೈದುಕೊಂಡೆ.

ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಬಂದು ಗಾಡಿಯ ಹಿಂದಕ್ಕೆ ಹೋಗಿ ನೋಡಿದೆ. ತೂತಿನ ಪಕ್ಕಕ್ಕೆ, ಕೈಚಾಚಿದರೆ ಎಟಕುವಷ್ಟು ದೂರದಲ್ಲಿ, ಹೊಸ ಮನೆಗೆ ತಂದಿದ್ದ ಇಟ್ಟಿಗೆಯಲ್ಲೇ ಕಟ್ಟಿದ ಒಲೆ. ಹೊಗೆ ಒಳಗೆ ನುಗ್ಗದ ಹಾಗೆ ನಡುವೆ ಒಂದು ತಗಡು. ಒಲೆಯ ಮೇಲೆ ಕೆಡವಿದ ಮನೆಯ ತಾಮ್ರದ ಹಂಡೆ. ಅದನ್ನು ಬ್ಯಾರನ್ನಿನ ಮೂಲೆಯಲ್ಲಿ ಬೋರಲು ಹಾಕಿದ್ದೆ. ನಮ್ಮ ಯಜಮಾನರೇ ಹೊತ್ತು ತಂದು, ಉಳಿದಿದ್ದ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಒಂದು ಲೋಟ ತೊಳೆದದ್ದನ್ನು ನಾನು ಕಂಡಿರಲಿಲ್ಲ. ಹಂಡೆ ಥಳಥಳ ಅನ್ನುತ್ತಿತ್ತು.

"ಗೀಸರ್ ಕಿತ್ತ ಜಾಗದಿಂದ ಚೊಂಬು ಒಳಕ್ಕೆ ಕೊಡಬೋದು. ಬಾಗಿಲು ಸುತ್ತಿ ಓಡಾಡದು ಬ್ಯಾಡ" ಎಂದರು. ಆಸ್ಪತ್ರೆಯಲ್ಲಿ ಬೈದುಕೊಂಡದ್ದನ್ನೆಲ್ಲ ನಾನು ಸದ್ದಿಲ್ಲದೆ ವಾಪಸು ತೆಗೆದುಕೊಂಡೆ.

ಹಾಗೆ ಬಾಣಂತನ ಶುರುವಾಯಿತು. ಅವರೆಕಾಯಿಯ ಕಾಲ, ಬೆಳಗಿನ ಚಳಿ ಹೊತ್ತೇರಿದರೂ ಬಿಡುತ್ತಿರಲಿಲ್ಲ. ಮೈನೋವಿಗೆ ಒಳ್ಳೆಯದೆಂದು ಲಕ್ಕಿ ಸೊಪ್ಪು ಹಾಕಿ ಹಂಡೆ ತುಂಬ ನೀರು ಕಾಯಿಸುತ್ತಿದ್ದೆ. ಒಳಗೆ ಮಗಳು ಮಣೆಯ ಮೇಲೆ, ಬಚ್ಚಲ ಬಾಗಿಲಲ್ಲಿ ಅಜ್ಜಿ, ತೂತಿನಾಚೆ ನಾನು. ಚೊಂಬು ತುಂಬಿ ಒಳಗೆ ಕೊಡುತ್ತಿದ್ದೆ, ಅಜ್ಜಿಯ ಸುಕ್ಕುಗಟ್ಟಿದ ಕೈ ಬಂದು ತೆಗೆದುಕೊಳ್ಳುತ್ತಿತ್ತು. ಖಾಲಿ ಚೊಂಬು ಹೊರಗೆ ಬರುತ್ತಿತ್ತು. "ಅಜ್ಜಿ, ಸುಡ್ತದೆ!" ಎಂದು ಮಗಳು ಕೂಗುವುದು, "ಸುಡ್ಲಿ ಬುಡು, ಮೈ ಗಟ್ಟಿಯಾಗ್ಲಿ" ಎಂದು ಅಜ್ಜಿ ಗದರುವುದು ಕೇಳುತ್ತಿತ್ತು. ಸುಡುನೀರು ಸಮನಾಗಿ, ನಿಲ್ಲದ ಹಾಗೆ, ಸೊಂಟದ ಮೇಲೆ ಬೀಳಬೇಕು. ಅದಕ್ಕೆ ಪಳಗಿದ ಕೈ ಬೇಕು, ಅದು ಅಜ್ಜಿಯದು. ಒಲೆ ಆರದ ಹಾಗೆ ನೋಡಿಕೊಳ್ಳಲು ಒಬ್ಬರು ಬೇಕು, ಅದು ನಾನು. ಒಲೆಗೆ ನಮ್ಮ ಯಜಮಾನರನ್ನು ಕೂರಿಸೋಣ ಎಂದರೆ ತೂತಿನಿಂದ ಬಚ್ಚಲೆಲ್ಲ ಕಾಣುತ್ತದೆ. ಸ್ನಾನದ ಹೊತ್ತಿಗೆ ಅವರು ತಾವಾಗಿ ಹೊಲದ ಆಚೆ ಬದುವಿಗೆ ಹೋಗಿಬಿಡುತ್ತಿದ್ದರು.

ಬೀಗಿತ್ತಿಯ ಹತ್ತಿರ ಜಗಳವಾಡಿ ಮಗಳನ್ನು ತಂದುಕೊಂಡೆ. ತಂದುಕೊಂಡು ನಾನು ಗೋಡೆಯಾಚೆ ಕೂತೆ. ತೂತಿನೊಳಗೆ ಬಗ್ಗಿದರೆ ಹಬೆಯ ನಡುವೆ ಮಗಳ ಬೆನ್ನು ಇಷ್ಟೇ ಇಷ್ಟು ಕಾಣುತ್ತಿತ್ತು. ಎಡ ಹೆಗಲ ಮೇಲಿನ ಮಚ್ಚೆ ಇನ್ನೂ ಅಲ್ಲೇ ಇತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಪಾಪ, ಆ ಅಜ್ಜಿಯ ಮೇಲೆ. ಕಣ್ಣಲ್ಲಿ ನೀರು ಬಂದರೆ ಹೊಗೆಯ ಮೇಲೆ ಹಾಕಿ ಒರೆಸಿಕೊಳ್ಳುತ್ತಿದ್ದೆ.

ಒಂದು ದಿನ ಅಜ್ಜಿ ಬರಲಿಲ್ಲ. ಮಂಡಿ ಊದಿಕೊಂಡು ಏಳಲು ಆಗುತ್ತಿಲ್ಲ ಎಂದು ಹೇಳಿಕಳಿಸಿದ್ದಳು. ನೀರು ಕಾದಿತ್ತು, ಮಗಳು ತಾನೇ ಮೈಗೆ ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕೂತಾಗಿತ್ತು, ಮಗು ಮಲಗಿತ್ತು. ನಾನೊಬ್ಬಳೇ ಎರಡೂ ಕಡೆ ಆದೆ. ಹೊರಗೆ ಬಂದು ಬಕೆಟ್ ತುಂಬಿ ತೂತಿನೊಳಗೆ ಇಳಿಸುವುದು, ಗಾಡಿ ಸುತ್ತಿ ಓಡಿ ಮೆಟ್ಟಿಲು ಹತ್ತಿ ಒಳಗೆ ಹೋಗಿ ಹುಯ್ಯುವುದು, ಮತ್ತೆ ಹೊರಗೆ. ಅಷ್ಟರಲ್ಲಿ ಒಲೆ ಆರುತ್ತಿತ್ತು. ಊದಿ ಹೊತ್ತಿಸಿ ಒಳಗೆ ಹೋದರೆ ಮಗಳು ಒದ್ದೆ ಮೈಯಲ್ಲಿ ಹಲ್ಲು ಕಡಿಯುತ್ತಿದ್ದಳು. "ಸಾಕು ಬುಡವ್ವ" ಎಂದಳು. ಸಾಕಾಗಿರಲಿಲ್ಲ. ಅರ್ಧ ಹಂಡೆಯೂ ಮುಗಿದಿರಲಿಲ್ಲ.

ಕೆಸರಿನಲ್ಲಿ ಕಾಲು ಜಾರಿ ಬಿದ್ದೆದ್ದು ಮತ್ತೊಂದು ಸುತ್ತು ಓಡಿ ಬರುವಷ್ಟರಲ್ಲಿ ಒಲೆಯ ಮುಂದೆ ಬೀಗಿತ್ತಿ ನಿಂತಿದ್ದರು. ಕಂಕುಳಲ್ಲಿ ಬುಟ್ಟಿ, ಅದರಲ್ಲಿ ಮೊಮ್ಮಗಳಿಗೆ ಹೊಲಿಸಿದ ಕುಲಾವಿ, ಬಾಣಂತಿಗೆ ಕೊಬ್ಬರಿ ಬೆಲ್ಲ. ಅವರು ಹೇಳದೆ ಕೇಳದೆ ಬಂದಿದ್ದರು. ಆರಿದ ಒಲೆ ನೋಡಿದರು, ಹಂಡೆ ನೋಡಿದರು, ಗೋಡೆಯ ತೂತು ನೋಡಿದರು, ಕೆಸರು ಮೆತ್ತಿದ ನನ್ನ ಸೀರೆ ನೋಡಿದರು.

"ಗೀಸರ್ ಎಲ್ಲೋಯ್ತು?"

"ತೂತಾಯ್ತು" ಎಂದೆ. ಮುಗಿಯಿತು ಅಂದುಕೊಂಡೆ. ಅವರು ಕೊಟ್ಟ ಮಾತು, ಮಾಡಿದ ಕಟ್ಟಳೆ ಎರಡೂ ನನಗೆ ನೆನಪಿತ್ತು. ಒಂದು ದಿನ ಸಾಕು ಎಂದಿದ್ದರು, ಆ ಒಂದು ದಿನದಲ್ಲೇ ಬಂದು ನಿಂತಿದ್ದರು. ಸುಳ್ಳು ಹೇಳಲು ನನಗೆ ಜೀವವೂ ಉಳಿದಿರಲಿಲ್ಲ. "ಅಜ್ಜಿ ಬರ್ಲಿಲ್ಲ. ಹುಡ್ಗಿ ಒಳಗೆ ನಡುಗ್ತಾ ಅದೆ. ನಿಮ್ ಕೈ ಪಳಗಿರದು ಬೀಗ್ತಿಯವ್ರೇ. ಒಳಕ್ಕೋಗಿ, ನೀವೇ ಹುಯ್ರಿ. ನಾನು ಒಲೆ ನೋಡ್ತೀನಿ" ಎಂದೆ. ಮಗಳು ಬೆಚ್ಚಗಾದರೆ ಸಾಕಾಗಿತ್ತು ನನಗೆ.

ಅವರು ಬುಟ್ಟಿ ಕೆಳಗಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಒಳಗೆ ಹೋಗಲಿಲ್ಲ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸೌದೆ ಸರಿಮಾಡಿದರು. ಒಂದೇ ಊದಿಗೆ ಉರಿ ಎದ್ದಿತು.

"ನಮ್ಮನೇಗೆ ಬಂದ್ಮೇಲೆ ನಾನು ಬೇಕಾದಷ್ಟು ಹುಯ್ತೀನಿ. ಇಲ್ಲಿರೋಗಂಟ ಅದು ನಿಮ್ದು. ಹೋಗಿ, ಹುಡ್ಗಿ ನಡುಗ್ತಾ ಅದೆ ಅಂತೀರಿ, ಇಲ್ಲೇ ನಿಂತಿದ್ದೀರಿ" ಎಂದು ನನ್ನನ್ನೇ ಗದರಿದರು.

ನಾನು ಓಡಿದೆ. ಮಗಳು ಸೀಗೆಪುಡಿ ಕಣ್ಣಿಗಿಳಿಯುತ್ತದೆಂದು ಕಣ್ಣು ಮುಚ್ಚಿಕೊಂಡು, ಮಂಡಿ ಮೇಲೆ ತಲೆ ಇಟ್ಟು ಕೂತಿದ್ದಳು. ಮೊದಲ ಚೊಂಬು ಹೆಗಲ ಮಚ್ಚೆಯ ಮೇಲಿಂದ ಸುರಿದೆ. ಬೆನ್ನು ತಿಕ್ಕಿದೆ. ಅವಳ ನಡುಕ ನನ್ನ ಅಂಗೈಯಲ್ಲಿ ನಿಧಾನಕ್ಕೆ ನಿಂತಿತು.

"ಅವ್ವಾ, ನೀನೇ ಹುಯ್ತಾ ಇದ್ದೀಯಾ?" ಎಂದಳು, ಕಣ್ಣು ಬಿಡದೆ.

"ಊಂ."

"ಮತ್ತೆ ಒಲೆ ಹತ್ರ ಯಾರು?"

ನಾನು ಉತ್ತರ ಹೇಳುವಷ್ಟರಲ್ಲಿ ಗೀಸರ್ ಕಿತ್ತ ಜಾಗದಿಂದ ಹಸಿರು ಬಳೆ ತುಂಬಿದ ಕೈಯೊಂದು ಹೊಗೆಯಾಡುವ ಚೊಂಬು ಹಿಡಿದು ಒಳಗೆ ಬಂತು. "ಮಾತಾಡ್ಬ್ಯಾಡ ಕಣವ್ವ, ಬಾಯೊಳಕ್ಕೆ ಗಾಳಿ ಓಯ್ತದೆ" ಎಂದು ಆಚೆಯಿಂದ ಅವಳ ಅತ್ತೆ ಗದರಿದರು. ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಆ ಕೈಯಿಂದ ಚೊಂಬು ತೆಗೆದುಕೊಂಡು, ಹಂಡೆ ಬರಿದಾಗುವ ತನಕ ಹುಯ್ಯುತ್ತಲೇ ಇದ್ದೆ.